ಮುಚ್ಚಳದ ಮೇಲಿನ ಚುಕ್ಕೆ

ಬೆಳಿಗ್ಗೆ ಏಳೂವರೆಗೆ ಉಗ್ರಾಣದ ಬೀಗ ತೆಗೆದ ಬಾಟಲಿ ಅಕ್ಕ, ಚಪ್ಪಲಿ ಸಹ ಬಿಡದೆ ನೆಟ್ಟಗೆ ಕಿಟಕಿಯ ಬಳಿ ಹೋದಳು. ಅಲ್ಲಿ ಹಲಗೆಯ ಮೇಲೆ ಹನ್ನೆರಡು ಪುಟ್ಟ ಸೀಸೆಗಳಿದ್ದವು. ಹಿಂದಿನ ಮಧ್ಯಾಹ್ನ ತಾನೇ ಇಟ್ಟು ಹೋದದ್ದು. ಒಂದೊಂದರಲ್ಲೂ ಹೊಸ ಮರಗೆಣಸಿನ ಒಂದು ಚೂರು, ಅದರ ಮೇಲೆ ನೇತಾಡುವ ಒಂದು ಹಳದಿ ಕಾಗದದ ಪಟ್ಟಿ. ಗೆಣಸಿನಲ್ಲಿ ವಿಷವಿಲ್ಲದಿದ್ದರೆ ಕಾಗದ ಹಳದಿಯಾಗೇ ಉಳಿಯುತ್ತದೆ. ಇದ್ದರೆ ಬೆಳಗಾಗುವಷ್ಟರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಒಂಬತ್ತು ಹಳದಿ. ಮೂರು ಇಟ್ಟಿಗೆ ಬಣ್ಣ.

ಅವಳು ಇನ್ನೊಂದು ಸಲ ಎಣಿಸಿದಳು. ಕಣ್ಣುಜ್ಜಿಕೊಂಡು ಮತ್ತೊಂದು ಸಲ ಎಣಿಸಿದಳು. ಎಣಿಸಿದರೆ ಬಣ್ಣ ಬದಲಾಗುತ್ತದೆಯೇ? ಗೋಣಿಚೀಲದ ಮೇಲೆ ಕೂತುಬಿಟ್ಟಳು.

ಬಾಟಲಿ ಅಕ್ಕ ಎಂದರೆ ಆ ಸಂಶೋಧನಾ ಕೇಂದ್ರದಲ್ಲಿ ಗೊತ್ತಿಲ್ಲದವರಿಲ್ಲ. ಅವಳ ನಿಜವಾದ ಹೆಸರು ಕೇಳಿದರೆ ಸಂಬಳ ಕೊಡುವ ಗುಮಾಸ್ತನೂ ಕಡತ ತೆಗೆದು ನೋಡಬೇಕು. ಗಾಜಿನ ಬಾಟಲಿಯೊಳಗೆ ಬೆರಳುದ್ದದ ಸಸಿಗಳನ್ನು ಸಾಕುವುದು ಅವಳ ಕೆಲಸ. ಮೂರು ವಾರಕ್ಕೊಮ್ಮೆ ಚಾಕುವನ್ನು ಬೆಂಕಿಗೆ ಹಿಡಿದು, ಸಸಿಯನ್ನು ಗೆಣ್ಣು ಗೆಣ್ಣಾಗಿ ಕತ್ತರಿಸಿ, ಹೊಸ ಬಾಟಲಿಯ ಹೊಸ ಜೆಲ್ಲಿಯಲ್ಲಿ ನೆಡಬೇಕು. ಉಸಿರು ತಾಗಿದರೂ ಬೂಷ್ಟು ಹಿಡಿಯುವ ಕೆಲಸ ಅದು. ಅವಳ ಕೈಯಲ್ಲಿ ಮಾತ್ರ ಸಸಿ ಕೆಡುವುದಿಲ್ಲ ಎಂದು ದೊಡ್ಡ ಮೇಡಂ ಬಂದವರಿಗೆಲ್ಲ ಹೇಳಿ ಹೇಳಿ ಅವಳನ್ನು ಅಟ್ಟಕ್ಕೇರಿಸಿದ್ದರು. ಹಾಗೆ ಏರಿ ಕೂತವಳಿಗೆ ಇಳಿಯುವುದು ಸುಲಭವಲ್ಲ ನೋಡಿ.

ದೊಡ್ಡ ಮೇಡಂ ಎಂಟು ವರ್ಷದಿಂದ ಹಿಡಿದಿದ್ದ ಹಟ ಒಂದೇ. ಮರಗೆಣಸಿನಲ್ಲಿ ವಿಷ ತಯಾರಿಸುವ ಜೀನ್ ಯಾವುದೋ ಅದನ್ನು ಕತ್ತರಿಸಿ ಬಾಯಿ ಮುಚ್ಚಿಸಬೇಕು. ಹಳೇ ತಳಿಯ ಗೆಣಸನ್ನು ಸಿಪ್ಪೆ ಸುಲಿದು ನಾಲ್ಕು ದಿನ ನೀರಲ್ಲಿ ನೆನೆಸದೆ ತಿನ್ನುವ ಹಾಗಿಲ್ಲ. ಬೇರೇನೂ ಸಿಗದ ಕಾಲದಲ್ಲಿ, ಅರೆಬರೆ ನೆನೆಸಿ ಅದನ್ನೇ ವಾರಗಟ್ಟಲೆ ತಿಂದರೆ ಮಕ್ಕಳ ಕಾಲು ಸೆಟೆದುಕೊಳ್ಳುತ್ತದೆ. ಒಮ್ಮೆ ಸೆಟೆದದ್ದು ಸತ್ತರೂ ಸಡಿಲವಾಗುವುದಿಲ್ಲ. ನೂರಾರು ಸಸಿ ತಿದ್ದಿ, ಕೊನೆಗೆ ಹದಿನೇಳನೆಯ ಪ್ರಯತ್ನದ್ದು ಕೈಹಿಡಿಯಿತು. ಅದಕ್ಕೆ ‘ಹದಿನೇಳು’ ಎಂದೇ ಹೆಸರು ಬಿತ್ತು.

ಆ ಕಾಲಿನ ವಿಷಯ ಬಾಟಲಿ ಅಕ್ಕನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವಳ ತಮ್ಮ ಆರು ವರ್ಷದವನಿದ್ದಾಗ ಒಂದು ಬೆಳಿಗ್ಗೆ ಚಾಪೆಯಿಂದ ಏಳಲಾರದೆ ಹೋದ. ಅಂದಿನಿಂದ ಎರಡೂ ಕಂಕುಳಲ್ಲಿ ಊರುಗೋಲು. ಆ ಬೇಸಿಗೆಯಲ್ಲಿ ಮನೆಯಲ್ಲಿ ಗೆಣಸು ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ಹೊತ್ತು ಹುಟ್ಟುವ ಮುಂಚೆ ಕೆಲಸಕ್ಕೆ ಹೋಗುತ್ತಿದ್ದಳು. ನೆನೆಸುವ ಮಡಕೆ ಹನ್ನೊಂದು ವರ್ಷದ ಅಕ್ಕನ ಪಾಲಿಗೆ. ನಾಲ್ಕು ದಿನ ಎಂದು ಅಮ್ಮ ಬೆರಳು ಮಡಿಸಿ ತೋರಿಸಿದ್ದಳು. ತಮ್ಮ ಹಸಿವೆಂದು ಗೋಳಾಡುತ್ತಿದ್ದ. ಖಾಲಿ ತಟ್ಟೆಯನ್ನು ಅವನ ಮುಂದಿಡಲು ಅವಳಿಗೆ ಮನಸ್ಸು ಬರಲಿಲ್ಲ. ಎರಡೇ ದಿನಕ್ಕೆ ತೆಗೆದು ಬೇಯಿಸಿದಳು. ಒಂದು ಸಲವಲ್ಲ, ತಿಂಗಳೆಲ್ಲ. ಹೆಚ್ಚಿನ ಹೊತ್ತು ತಾನು ನೀರು ಕುಡಿದು ತನ್ನ ಪಾಲನ್ನೂ ಅವನಿಗೇ ಹಾಕಿದಳು. ಅದಕ್ಕೇ ಅವಳ ಕಾಲು ಉಳಿಯಿತು. ಡಾಕ್ಟರು ಕೇಳಿದಾಗ ನಾಲ್ಕು ದಿನ ಎಂದಳು. ಅಮ್ಮ ಕೇಳಿದಾಗಲೂ ನಾಲ್ಕು ದಿನವೇ. ಸುಳ್ಳು ಅಂಟಿಕೊಂಡಿತು.

ಇನ್ನು ಆ ಮೂರು ಪಟ್ಟಿಗಳು ಹೇಗೆ ಬಣ್ಣ ತಿರುಗಿದವು ಎಂಬುದನ್ನೂ ಹೇಳಿಬಿಡಬೇಕು.

ನಾಲ್ಕು ವರ್ಷದ ಹಿಂದೆ, ಹದಿನೇಳರ ನಲವತ್ತು ಬಾಟಲಿಗಳಲ್ಲಿ ಹನ್ನೊಂದಕ್ಕೆ ಬೂಷ್ಟು ಹಿಡಿಯಿತು. ಅವಳ ಕೈಯಲ್ಲಿ! ಮಾರನೆಯ ದಿನವೇ ಹೊರಗಿನ ತಜ್ಞರು ನೋಡಲು ಬರುವವರಿದ್ದರು. ಕಪಾಟಿನಲ್ಲಿ ಹನ್ನೊಂದು ಖಾಲಿ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಪಕ್ಕದ ಕಪಾಟಿನಲ್ಲಿ ಹೋಲಿಕೆಗೆಂದು ಬೆಳೆಸಿದ ಹಳೇ ತಳಿ ಇತ್ತು. ಬಾಟಲಿಯೊಳಗೆ ಎರಡೂ ಒಂದೇ ಎಲೆ, ಒಂದೇ ಹಸಿರು. ಹಡೆದವ್ವನಿಗೂ ಗುರುತು ಸಿಗದು. ಅದರಿಂದ ಹನ್ನೊಂದನ್ನು ಕತ್ತರಿಸಿ ನೆಟ್ಟು, ‘ಹದಿನೇಳು’ ಎಂಬ ಚೀಟಿ ಅಂಟಿಸಿ, ಜಾಗ ತುಂಬಿಸಿದಳು. ಮೋಸ ಮಾಡುವ ಇರಾದೆ ಅವಳಿಗಿರಲಿಲ್ಲ. ತಜ್ಞರು ಹೋದ ಮೇಲೆ ಅಸಲಿ ಸಸಿಯಿಂದ ಹನ್ನೊಂದು ಹೆಚ್ಚಿಗೆ ಮಾಡಿಕೊಂಡು, ಇವನ್ನು ಎಸೆದರಾಯಿತು ಎಂದುಕೊಂಡಿದ್ದಳು. ಮರೆಯದಿರಲೆಂದು ಆ ಹನ್ನೊಂದರ ಮುಚ್ಚಳದ ಮೇಲೆ ಕಪ್ಪು ಶಾಯಿಯಲ್ಲಿ ಒಂದೊಂದು ಚುಕ್ಕೆ ಇಟ್ಟಳು.

ತಜ್ಞರು ಬಂದು ಹೋದ ಸಂಜೆಯೇ ಅಮ್ಮ ತೀರಿಕೊಂಡ ಸುದ್ದಿ ಬಂತು. ರಜೆ ಹಾಕಿ ಹೋದವಳು ಹತ್ತು ದಿನದ ಮೇಲೆ ಬಂದಳು. ಬಂದು ನೋಡಿದರೆ ಅವಳ ಜಾಗಕ್ಕೆ ನಿಂತಿದ್ದ ಅವಸರದಮ್ಮ ಎಲ್ಲ ಸಸಿಗಳನ್ನೂ ಹೊಸ ಬಾಟಲಿಗೆ ಬದಲಾಯಿಸಿ ಮುಗಿಸಿದ್ದಳು. ಆ ಹೆಂಗಸು ತನ್ನ ಮದುವೆಗೂ ಒಂದು ದಿನ ಮುಂಚೆ ಬಂದು ಕೂತಿದ್ದಳೆಂದು ಕೇಂದ್ರದಲ್ಲಿ ತಮಾಷೆ ಮಾಡುತ್ತಿದ್ದರು.

“ನಿನ್ನ ತಲೆ ಮೇಲಿನ ಭಾರ ಇಳಿಸಿಬಿಟ್ಟೆ ಕಣೇ. ಚೀಟಿ ನೋಡ್ಕೊಂಡೇ ಬರೆದಿದ್ದೀನಿ, ಒಂದಕ್ಷರ ತಪ್ಪಿಲ್ಲ,” ಎಂದಳು ಅವಸರದಮ್ಮ.

ಚೀಟಿಯಲ್ಲಿ ತಪ್ಪಿರಲಿಲ್ಲ, ನಿಜ. ಹಳೇ ಮುಚ್ಚಳಗಳೆಲ್ಲ ತೊಳೆಯುವ ತೊಟ್ಟಿಯಲ್ಲಿ ಬಿದ್ದಿದ್ದವು. ಚುಕ್ಕೆಯಿದ್ದ ಹನ್ನೊಂದೂ ಅಲ್ಲೇ ಇದ್ದವು.

ಬಾಯಿಬಿಟ್ಟಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಪ್ರತಿ ಸಸಿಯ ಒಂದೊಂದು ಎಲೆ ಕಿತ್ತು ಪಟ್ಟಿ ಇಟ್ಟಿದ್ದರೆ ಸಾಕಿತ್ತು. ಆದರೆ ಪಟ್ಟಿಗಳ ಡಬ್ಬಿ ಮೇಡಂ ಬಳಿ ಇತ್ತು, ನಲವತ್ತು ಕೇಳಿದರೆ ಯಾಕೆ ಎನ್ನುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಸಸಿಗಳು ಗಾಜಿನ ಮನೆಗೆ ಹೋದವು, ಅಲ್ಲಿಂದ ಹೊಲಕ್ಕೆ. ಪರೀಕ್ಷೆಗೆ ಗಿಡ ತೆಗೆಯುವವರು ಪ್ರತಿ ಸಲ ಹೊಲದ ಗೇಟಿನ ಹತ್ತಿರದ ಮೊದಲ ಸಾಲಿನಿಂದಲೇ ತೆಗೆದರು. ಪ್ರತಿ ಸಲ ಕಾಗದ ಹಳದಿಯಾಗೇ ಉಳಿಯಿತು. ಆ ಹನ್ನೊಂದು ಎಲ್ಲೋ ಸತ್ತಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ನಂಬಿದಳು.

ಇಂದು ಹೊಸ ಗೆಣಸಿನ ಮೊದಲ ರುಚಿ ನೋಡುವ ಕಾರ್ಯಕ್ರಮ. ನೆನೆಸದೆ, ನೇರವಾಗಿ ಬೇಯಿಸಿ ಬಡಿಸುವುದು. ನಾಳೆಯಿಂದ ಇದೇ ಗಿಡಗಳ ಕಡ್ಡಿ ಕತ್ತರಿಸಿ ಹಳ್ಳಿಹಳ್ಳಿಗೆ ಹಂಚುವುದು. ಗೆಣಸು ಆರಿಸಿಡುವ ಕೆಲಸಕ್ಕೆಂದು ಪಟ್ಟಿಯ ಡಬ್ಬಿ ಮೊದಲ ಬಾರಿ ಅವಳ ಕೈಗೆ ಬಂದಿತ್ತು. ನಿನ್ನೆ ಅದಕ್ಕೇ ಹನ್ನೆರಡನ್ನು ಇಟ್ಟು ನೋಡಿದ್ದು.

ಬಣ್ಣ ತಿರುಗಿದ ಮೂರು ಸೀಸೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆ ಶೆಡ್ಡಿಗೆ ಓಡಿದಳು. ಕೆಟ್ಟ ಗಿಡದ ಗೆಣಸನ್ನಾದರೂ ಬೇರೆ ಮಾಡಬಹುದು ಎಂಬ ಆಸೆ. ಅವಸರದಮ್ಮ ಆಗಲೇ ಅಲ್ಲಿದ್ದ ರಾಶಿಯನ್ನೆಲ್ಲ ಸುಲಿದು, ಹೆಚ್ಚಿ, ದೊಡ್ಡ ಹಂಡೆಗೆ ಸುರಿದು ಒಲೆ ಹಚ್ಚಿದ್ದಳು.

“ಆರು ಗಂಟೆಗೇ ಬಂದೆ. ನಿಂಗೆ ಯಾಕೆ ತೊಂದರೆ ಅಂತ,” ಎಂದು ನಕ್ಕಳು. “ಏನೇ, ಮುಖ ಯಾಕೆ ಹೀಗೆ ಬಿಳಿಚ್ಕೊಂಡಿದೆ?”

“ಏನಿಲ್ಲ,” ಎಂದಳು ಬಾಟಲಿ ಅಕ್ಕ.

ಹತ್ತು ಗಂಟೆಗೆ ಸಭಾಂಗಣ ತುಂಬಿತು. ಅಧಿಕಾರಿಗಳು, ಪತ್ರಿಕೆಯವರು, ರೈತರು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರು. ಬಾಟಲಿ ಅಕ್ಕ ಗೋಡೆಗೆ ಒರಗಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಬೆಂದದ್ದು ಒಂದು ತುಂಡು ತಿಂದರೆ ಯಾರಿಗೂ ಏನೂ ಆಗುವುದಿಲ್ಲ. ಇವತ್ತು ದಾಟಿದರೆ ದಾಟಿತು. ಆದರೆ ನಾಳೆ ಕಡ್ಡಿ ಹೋಗುತ್ತದಲ್ಲ? ನೆನೆಸಬೇಕಿಲ್ಲ ಎಂದು ಸರ್ಕಾರವೇ ಹೇಳಿದ ಮೇಲೆ ಯಾವ ತಾಯಿ ನೆನೆಸುತ್ತಾಳೆ? ಅಯ್ಯೋ, ನಾಲ್ಕು ಗಿಡಕ್ಕೊಂದು ಗಿಡ.

ಮೊದಲ ತುಂಡು ತಿನ್ನುವವನು ಅವಳ ತಮ್ಮ. ಮೇಡಂ ಅವನನ್ನೇ ಆರಿಸಿದ್ದರು. ಎಂಟು ವರ್ಷದಿಂದ ಅವನು ಹಳ್ಳಿ ಸುತ್ತಿ, ಹೊಸ ಗಿಡ ಎಂದರೆ ಹೆದರುವವರ ಮುಂದೆ ಊರುಗೋಲು ಊರಿ ನಿಂತು ಮಾತಾಡಿದ್ದ. ಬಾಯಿ ಜೋರು, ಎಲ್ಲರೂ ಅವನನ್ನು ವಕೀಲ ಎನ್ನುತ್ತಿದ್ದರು. ಇಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ವೇದಿಕೆ ಹತ್ತುವಾಗ ಅಕ್ಕ ಮೊಣಕೈ ಹಿಡಿಯಲು ಬಂದರೆ, “ಬಿಡೇ, ಇವತ್ತು ನಾನೇ ಹತ್ತಬೇಕು,” ಎಂದು ಒಬ್ಬನೇ ಹತ್ತಿದ.

“ಒಂದೇ ಮಾತು ಹೇಳಿ ತಿಂತೀನಿ. ಹಸಿವಾಗಿದೆ,” ಎಂದ. ಜನ ನಕ್ಕರು. “ಸರಿಯಾಗಿ ನೆನೆಸಿದ್ರೆ ಹಳೇ ಗೆಣಸೇ ಸಾಕು, ಈ ಜೀನು ಗೀನು ಯಾಕೆ ಅಂತ ಕೇಳ್ತೀರಿ. ನಮ್ಮಕ್ಕ ಅಲ್ಲಿ ನಿಂತಿದ್ದಾಳೆ ನೋಡಿ. ಇಷ್ಟುದ್ದ ಹುಡುಗಿ ಆಗ. ನಾಲ್ಕು ದಿನ ನೆನೆಸಿದ್ಲು. ಒಂದು ಗಂಟೆ ಕಮ್ಮಿ ಮಾಡಿಲ್ಲ. ಆದ್ರೂ ನನ್ನ ಕಾಲು ಹೋಯ್ತು. ನೀರನ್ನ ನಂಬಬೇಡಿ. ಈ ಗಿಡ ನಂಬಿ.”

ಚಪ್ಪಾಳೆ ಬಿತ್ತು. ಅವನು ತಟ್ಟೆಯಿಂದ ತುಂಡು ಎತ್ತಿದ.

“ತಿನ್ಬೇಡ!”

ಆ ಕೂಗು ತನ್ನದೇ ಎಂದು ಬಾಟಲಿ ಅಕ್ಕನಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಸಭೆಯೆಲ್ಲ ತಿರುಗಿ ನೋಡಿತು. ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಸೆರಗಿನಿಂದ ಮೂರು ಸೀಸೆ ತೆಗೆದು ವೇದಿಕೆಯ ಮೇಜಿನ ಮೇಲಿಟ್ಟಳು. ಒಂದು ಉರುಳಿತು.

“ಇದರಲ್ಲಿ ಹಳೇದು ಬೆರೆತಿದೆ ಮೇಡಂ. ನಾನೇ ಬೆರೆಸಿದ್ದು.”

ಮೇಡಂ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೈಕು ಬಂದ್ ಮಾಡಿ, “ಎಷ್ಟು ಬಾಟಲಿ?” ಎಂದು ಮೆಲ್ಲಗೆ ಕೇಳಿದರು.

“ಹನ್ನೊಂದು.”

“ಯಾಕೆ?”

“ಕಪಾಟು ಖಾಲಿ ಕಾಣ್ತಿತ್ತು ಮೇಡಂ.”

ಅದಕ್ಕಿಂತ ದೊಡ್ಡ ಕಾರಣ ಅವಳ ಬಳಿ ಇರಲಿಲ್ಲ. ತಮ್ಮ ತುಂಡನ್ನು ತಟ್ಟೆಗೆ ವಾಪಸ್ಸು ಹಾಕಿ, ಅಕ್ಕನನ್ನೇ ನೋಡುತ್ತ ನಿಂತಿದ್ದ.

ಒಂದೊಂದು ಗಿಡವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಉಳಿಸಿಕೊಳ್ಳುತ್ತೇನೆ ಎಂದು ಮೇಡಂ ಎಷ್ಟು ಅಂಗಲಾಚಿದರೂ ಅನುಮತಿ ಕೊಡುವ ಕಚೇರಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಕೆ ಎಂದು ಕಾಗದದ ಮೇಲೆ ಬಿದ್ದಿತೆಂದರೆ ಹದಿನೇಳು ಎಂಬ ಹೆಸರಿನ ಒಂದೆಲೆಯೂ ಉಳಿಯಬಾರದು, ಅದು ನಿಯಮ. ಹೊಲಕ್ಕೆ ಬೆಂಕಿ ಬಿತ್ತು. ಮೂರು ದಿನ ಕಿಟಕಿ ಹಾಕಿಕೊಂಡರೂ ಹೊಗೆ ವಾಸನೆ ಹೋಗಲಿಲ್ಲ.

ಬಾಟಲಿಗಳನ್ನು ನಾಶಮಾಡುವ ಕೆಲಸ ಬಾಟಲಿ ಅಕ್ಕನಿಗೇ ಬಂತು. ಕೆಲಸದಿಂದ ತೆಗೆಯುವ ಮುಂಚಿನ ಕೊನೆಯ ಕೆಲಸ. ಆವಿಯಲ್ಲಿ ಬೇಯಿಸುವ ಯಂತ್ರದೊಳಗೆ ಒಂದೊಂದೇ ಬಾಟಲಿ ಜೋಡಿಸಿದಳು. ಇದರಲ್ಲಿ ಅಸಲಿ ಯಾವುದು, ಬೆರಕೆ ಯಾವುದು? ನಾಲ್ಕರಲ್ಲಿ ಮೂರು ಬಾಟಲಿಯಲ್ಲಿ ಯಾವ ಮಗುವಿನ ಕಾಲನ್ನೂ ಮುಟ್ಟದ ಗಿಡ ಬದುಕಿತ್ತು. ಬಾಗಿಲು ತಿರುಪಿ, ಗುಂಡಿ ಒತ್ತಿದಳು. ಇಪ್ಪತ್ತು ನಿಮಿಷದ ಮೇಲೆ ತೆಗೆದಾಗ ಎಲ್ಲವೂ ಬೆಂದ ಸೊಪ್ಪಿನ ಹಾಗೆ ಜೆಲ್ಲಿಗೆ ಅಂಟಿಕೊಂಡಿದ್ದವು. ಅವಸರದಮ್ಮ ಪಕ್ಕದಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

“ಒಂದು ಮಾತು ನನಗೆ ಹೇಳಬಾರದಿತ್ತೇನೇ?”

ಬಾಟಲಿ ಅಕ್ಕ ಬಾಟಲಿಗಳನ್ನು ಎಣಿಸಿ ತೊಟ್ಟಿಗೆ ಹಾಕಿದಳು.

ತಮ್ಮ ಬಂದದ್ದು ಹೊಲ ಸುಟ್ಟ ಐದನೆಯ ದಿನ, ಸಂಜೆ. ಅವಳ ಮನೆ ಎರಡನೆಯ ಮಹಡಿ. ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿ ಬಾಗಿಲು ತೆಗೆದು ನಿಂತಳು. ಅವನು ಏದುಸಿರು ಬಿಡುತ್ತ ಬಂದು ಕುರ್ಚಿಯಲ್ಲಿ ಕೂತ. ನೀರು ಕೊಟ್ಟಳು. ಕುಡಿಯಲಿಲ್ಲ. ಲೋಟವನ್ನು ಕೈಯಲ್ಲೇ ಹಿಡಿದುಕೊಂಡ.

“ಊರೂರಲ್ಲಿ ನಗ್ತಿದ್ದಾರೆ. ನಾನೇನು ಹೇಳಲಿ ಅವರಿಗೆ?”

“ಬೈಯೋ. ಏನು ಬೇಕಾದ್ರೂ ಬೈಯಿ.”

“ಬೈಯೋಕೆ ಬಂದಿಲ್ಲ ಅಕ್ಕ. ನೀನು ಕೂಗದೇ ಇದ್ದಿದ್ರೆ ಎಷ್ಟು ಮಕ್ಕಳು ನನ್ನ ಹಾಗೆ ಆಗ್ತಿದ್ರೋ. ಅದನ್ನ ಯೋಚನೆ ಮಾಡಿದ್ದೀನಿ.” ಅವನು ಲೋಟವನ್ನು ನೆಲದ ಮೇಲಿಟ್ಟ. “ನಾನು ನಾಲ್ಕು ದಿನ ಅಂದ ತಕ್ಷಣ ಕೂಗಿದೆ ನೀನು. ನಿನ್ನ ಮುಖಾನೇ ನೋಡ್ತಿದ್ದೆ ನಾನು.”

ಅವಳು ಬಗ್ಗಿ ಲೋಟ ಎತ್ತಿಕೊಂಡಳು.

“ಎಷ್ಟು ದಿನ ನೆನೆಸಿದ್ದೆ ಅಕ್ಕ?”

ಮೂವತ್ತೈದು ವರ್ಷದಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ. ನಾಲ್ಕು ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂದು ನಿಂತಿತು.

“ಎರಡು,” ಎಂದಳು. “ನೀನು ಅಳ್ತಿದ್ದೆ ಕಣೋ. ಖಾಲಿ ತಟ್ಟೆ ಇಡೋಕೆ ನನ್ನ ಕೈಲಿ ಆಗಲಿಲ್ಲ.”

ಅವನು ತಲೆದೂಗಿದ. ತನ್ನ ಕಾಲುಗಳನ್ನು ನೋಡಿಕೊಂಡ. ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು, ನಿಲ್ಲಿಸಿದರು.

“ನಾನು ಚಿಕ್ಕವನು, ನೀನೂ ಚಿಕ್ಕವಳು. ಅದು ಬಿಡು,” ಎಂದ. “ಅಮ್ಮಂಗೆ ಗೊತ್ತಿತ್ತಾ?”

“ಇಲ್ಲ.”

“ಕೊನೇವರೆಗೂ?”

“ಇಲ್ಲ ಕಣೋ.”

“ಕೆಟ್ಟ ಗೆಣಸು ತಂದವಳು ನಾನೇ, ನಾನೇ ಅಂತ ತಲೆ ಚಚ್ಕೋತಿದ್ಲು ಅಕ್ಕ. ನೀನು ಪಕ್ಕದಲ್ಲೇ ಕೂತಿರ್ತಿದ್ದೆ.”

ಅವನು ಊರುಗೋಲುಗಳನ್ನು ಎಳೆದುಕೊಂಡು, ಕುರ್ಚಿಯ ತೋಳು ಹಿಡಿದು ಎದ್ದ. ಇಳಿಯುವಾಗ ಅವನ ಮೊಣಕೈ ಹಿಡಿಯುವುದು ಅವಳ ರೂಢಿ. ಹತ್ತುವುದಕ್ಕಿಂತ ಇಳಿಯುವುದೇ ಅವನಿಗೆ ಕಷ್ಟ. ಅವಳು ಬಾಗಿಲವರೆಗೆ ಬಂದು ಕೈ ಚಾಚಿದಳು.

“ಬೇಡ,” ಎಂದು ಅವನು ಮೊಣಕೈಯನ್ನು ಒಳಗೆಳೆದುಕೊಂಡ.

ಮೂವತ್ತೆರಡು ಮೆಟ್ಟಿಲು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು, ಅಷ್ಟನ್ನೂ ಅವನು ಒಬ್ಬನೇ ಇಳಿಯುವುದನ್ನು ಕೇಳಿಸಿಕೊಂಡಳು.