ಮಾರ್ಚ್ ಮೂವತ್ತೊಂದರ ಸಮುದ್ರ

ವರದಾ ಅಪ್ಪನ ಕಾಲ್ಬೆರಳಿಗೆ ದಾರ ಸುತ್ತುತ್ತಿದ್ದಾಗ ಶಂಕ್ರೆವ್ವ ಟೀಚರ್ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಹೂವಿನ ಹಾರ, ಕಂಕುಳಲ್ಲಿ ಚೀಲ. ಹಾರ ಹಾಕಿ ಕೈಮುಗಿದರು. ಚೀಲವನ್ನು ಮಾತ್ರ ಮಡಿಲಲ್ಲೇ ಬಿಗಿಹಿಡಿದು ಗೋಡೆಗೆ ಒರಗಿ ಕುಳಿತರು. ಅದರೊಳಗೆ ತೆರಿಗೆ ಇಲಾಖೆಯ ನೋಟೀಸು ಇತ್ತು.

ಸತ್ತವರು ವೆಂಕಟೇಶರಾಯರು. ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಈ ಪಡಸಾಲೆಯಲ್ಲಿ ಕೂತು ನಿವೃತ್ತ ಮಾಸ್ತರರ ರಿಟರ್ನ್ ತುಂಬಿಕೊಡುತ್ತಿದ್ದರು. ಒಂದೊಂದು ಫಾರಂ ಮೂರು ಸಲ ಓದುವ ಆಸಾಮಿ, ಒಮ್ಮೆ ಮಾತ್ರ ಎಡವಿದ್ದರು. ಟೀಚರ ನಾಲ್ಕು ಲಕ್ಷ ಪಿ.ಎಫ್. ಹಣ ತೆರಿಗೆಯಿಲ್ಲದ ಕಾಲಮ್ಮಿಗೆ ಹೋಗಬೇಕಿತ್ತು. ಹೋದದ್ದು ಇತರ ಆದಾಯದ ಕಾಲಮ್ಮಿಗೆ. ಈಗ ತೊಂಬತ್ತು ಸಾವಿರ ಕಟ್ಟಿ ಎಂದು ನೋಟೀಸು. ಅಷ್ಟರಲ್ಲಿ ಮನೆಯ ಮಾಳಿಗೆ, ತಂಗಿಯ ಆಪರೇಷನ್ ಎಂದು ಹಣ ಕರಗಿತ್ತು. ಕಟ್ಟಿದರೆ ಉಳಿದದ್ದೂ ಹೋದಂತೆ.

ತಿದ್ದಿ ಕಳಿಸಲು ಇವತ್ತೇ, 2009ರ ಮಾರ್ಚ್ ಮೂವತ್ತೊಂದೇ, ಕಡೆಯ ದಿನ. "ಇವತ್ತ ಫೋನ್ ಲೈನ್ ಇಲ್ಲ, ನೆಟ್ ಹತ್ತಂಗಿಲ್ಲ, ನಾಳೆ ಮುಂಜಾನೆ ಬರ್ರಿ" ಎಂದು ನಿನ್ನೆ ಹೇಳಿದ್ದ ರಾಯರು ಬೆಳಗಾಗುವಷ್ಟರಲ್ಲಿ ತಾವೇ ಇರಲಿಲ್ಲ.

*

2007ರ ಜುಲೈ. ಅಂಕಿ ಒತ್ತುವ ಮೊದಲು ರಾಯರು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ಈ ರೊಕ್ಕದಾಗ ಏನ್ ಮಾಡಾವ್ರು?" ಕಂಪ್ಯೂಟರಿಗೆ ಅದು ಬೇಕಿರಲಿಲ್ಲ. ರಾಯರಿಗೆ ಬೇಕಿತ್ತು.

"ಸಮುದ್ರ ನೋಡ್ತೇನ್ರಿ," ಎಂದರು ಶಂಕ್ರೆವ್ವ. "ಮೂವತ್ತೆರಡು ವರ್ಷ ಮಸೂತಿ ಊರ ಸಾಲ್ಯಾಗ ನೀಲಿ ಖಡುವಿನಿಂದ ಹಲಗಿ ಮ್ಯಾಲೆ ಸಮುದ್ರ ಬರದೇನಿ. ಒಮ್ಮೆರ ಅದರಾಗ ಕಾಲ ತೋಯಿಸಬೇಕ್ರಿ."

"ನಾನೂ ನೋಡಿಲ್ಲ ಬಿಡ್ರಿ. ಹ್ಯಾಂಗಿರ್ತದಂತ?"

ಟೀಚರು ಹೇಳುತ್ತ ಹೋದರು. ಅವರ ಕೈ ಗಾಳಿಯಲ್ಲಿ ಅಲೆ ಬರೆಯಿತು. ಹೊರಗೆ ಬಿಸಿಲು, ಟಂಟಂ ಆಟೋಗಳ ಹಾರ್ನು, ತೊಗರಿ ಚೀಲದ ಬಂಡಿ. ಒಳಗೆ ಅರವತ್ತರ ಆಸುಪಾಸಿನ ಇಬ್ಬರು ಸಮುದ್ರದ ದಂಡೆಯಲ್ಲಿ ನಿಂತಿದ್ದರು. ರಾಯರ ಬೆರಳುಗಳು ತಮ್ಮಷ್ಟಕ್ಕೆ ತಾವೇ ಅಂಕಿ ಒತ್ತಿದವು. ಕೆಳಗೆ ಮೂಡಿದ, ಕಟ್ಟಬೇಕಾದ ತೆರಿಗೆಯ ಕೆಂಪು ಮೊತ್ತವನ್ನು ಇಬ್ಬರೂ ನೋಡಲಿಲ್ಲ.

*

"ಟೀಚರ, ನೋಟೀಸ್ ತಂದೀರೇನು?" ಕೇಳಿದವರು ರಾಯರ ಹೆಂಡತಿ ವೆಂಕೂಬಾಯಿ.

"ಇಲ್ರಿ ಬಾಯಾರ." ಸುಳ್ಳು ಹೇಳಿ ರೂಢಿಯಿಲ್ಲದ ಶಂಕ್ರೆವ್ವ ಚೀಲವನ್ನು ಸೆರಗಿನೊಳಗೆ ಸರಿಸಿದರು. "ಇವತ್ತ ಅದೆಲ್ಲ ಬ್ಯಾಡ್ರಿ. ರೊಕ್ಕ ಹೋದ್ರ ಹೋಗ್ಲಿ."

"ನಿನ್ನಿ ಊಟಾ ಬಿಟ್ಟು ಕೂತಿದ್ರು. ಟೀಚರ ಸಮುದ್ರ ನಾ ಕಸಗೊಂಡೆ ಅಂದ್ರು." ವೆಂಕೂಬಾಯಿ ಮಗಳ ಕಡೆ ತಿರುಗಿದರು. "ವರದಾ, ಏಳು. ಕಂಪ್ಯೂಟರ್ ಹಚ್ಚು."

ನಾಲತವಾಡದಿಂದ ಬಂದಿದ್ದ ಮೈದುನ ಪಾರ್ಥ ಸಿಡುಕಿದ. "ವೈನಿ, ಹೆಣಾ ಮುಂದಿಟ್ಕೊಂಡು ಕಂಪ್ಯೂಟರ್ ಹಚ್ಚೋದ? ಮಂದಿ ಏನಂದಾರು?"

"ತಪ್ಪು ಹೊತ್ಕೊಂಡು ಹೋಗಲಿಕ್ಕೆ ನಾ ಅವರನ್ನ ಬಿಡಂಗಿಲ್ಲ. ಇದು ಮುಗದ ಮ್ಯಾಲೆ ಎತ್ತರಿ."

ಬಂದವರು ಗೊಣಗಿದರು, ಆದರೆ ಯಾರೂ ಎದ್ದು ತಡೆಯಲಿಲ್ಲ. ಅಪ್ಪನ ಕೆಲಸಕ್ಕೆ ಕೈಜೋಡಿಸುತ್ತಿದ್ದ ವರದಾ ಗುಂಡಿ ಒತ್ತಿದಳು. ಪರದೆಯ ತುಂಬ ಸಮುದ್ರ ಬಂತು.

"ಈ ಚಿತ್ರ ಅಪ್ಪ ಹಾಕಿಸ್ಕೊಂಡಿದ್ದು," ಎಂದಳು. "ದಿನಾ ಮುಂಜಾನೆ ಇದನ್ನ ನೋಡೇ ಕೆಲಸಕ್ಕ ಕೂಡ್ತಿದ್ರು. ಯಾಕಂತ ಹೇಳಲಿಲ್ಲ."

ಶಂಕ್ರೆವ್ವನಿಗೆ ಗೊತ್ತಾಯಿತು. ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಲೇ ಬಂತು. ಅಳುತ್ತಲೇ ನೋಟೀಸು ತೆಗೆದು ಕೊಟ್ಟರು.

ನಾಲ್ಕು ಲಕ್ಷ ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಹೋಯಿತು. ಕೆಂಪು ಮೊತ್ತ ಸೊನ್ನೆಯಾಯಿತು. ಲೈನ್ ಎರಡು ಸಲ ಕಡಿದು ಮೂರನೆಯ ಸಲ ಹತ್ತಿತು. ರಸೀದಿ ಹೊರಬಂದಾಗ ಟೀಚರು ಅದನ್ನು ಹಿಡಿದು ರಾಯರ ಕಿವಿಯ ಬಳಿ ಬಾಗಿದರು.

"ಹೋತ್ರಿ ರಾಯರ. ಲೆಕ್ಕ ಬರೋಬ್ಬರಿ ಐತಿ."

ಗಂಡಸರು ಹೆಣ ಎತ್ತಿ ಬೀದಿ ತಿರುವಿನಲ್ಲಿ ಮರೆಯಾದರು. ಕಂಪ್ಯೂಟರ್ ಆರಿಸಲು ಯಾರಿಗೂ ನೆನಪಾಗಲಿಲ್ಲ. ರಾಯರು ಮಲಗಿದ್ದ ಜಾಗ ತೊಳೆಯಲು ವೆಂಕೂಬಾಯಿ ಕೊಡ ನೀರು ಚೆಲ್ಲಿದರು. ನೀರು ನೆಲದ ಪರ್ಸಿಕಲ್ಲಿನ ಮೇಲೆ ಹರಡಿ, ಪರದೆಯ ನೀಲಿಯನ್ನು ಹೊತ್ತು ಬಂದು ಶಂಕ್ರೆವ್ವನ ಬರಿಗಾಲನ್ನು ಮುಟ್ಟಿತು. ಅವರು ಕಾಲು ಹಿಂದೆ ತೆಗೆಯಲಿಲ್ಲ.