ಸುಮ್ಮನಿರುವ ಕತ್ತರಿ

ಚೆಸ್ ಆಡುವ ಯಂತ್ರದಷ್ಟು ಮೈಗಳ್ಳ ಇನ್ನೊಂದಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ನಡೆ ನೋಡುತ್ತದೆಂದು ಜನ ಬಾಯಿ ಬಿಡುತ್ತಾರೆ. ಅದು ನೋಡದೆ ಬಿಟ್ಟದ್ದೆಷ್ಟು ಎಂದು ಯಾರೂ ಕೇಳುವುದಿಲ್ಲ. ಬೇಡದ ದಾರಿಗಳನ್ನು ಅರ್ಧಕ್ಕೇ ಕತ್ತರಿಸಿ ಬಿಸಾಡುವುದರಲ್ಲೇ ಅದರ ಜಾಣತನವೆಲ್ಲ. ಅಣ್ಣ ತಂಗಿ ಸೇರಿ ಹನ್ನೊಂದು ವರ್ಷ ಕಂಪ್ಯೂಟರಿನಲ್ಲಿ ಬರೆದ ಯಂತ್ರದಲ್ಲಿ ಅಂಥ ಕತ್ತರಿಗಳು ಆರಿದ್ದವು. ತಂಗಿಯ ಮುದ್ದಿನದು ಅವಳೇ ಬರೆದ ಸುಮ್ಮನಿರುವ ಕತ್ತರಿ. ನನ್ನ ಸರದಿಯಲ್ಲಿ ಏನೂ ಆಡದೆ ಕೂತರೂ ಎದುರಿನವನು ನನ್ನ ಕೂದಲು ಕೊಂಕಿಸಲಾರ ಅಂದಮೇಲೆ ನಾನು ಕ್ಷೇಮ, ಮುಂದೆ ನೋಡುವುದೇ ಬೇಡ. ಇಷ್ಟೇ ಅದರ ತರ್ಕ, ಹೆಚ್ಚುಕಡಿಮೆ ಯಾವಾಗಲೂ ಸರಿ. ಆದರೆ ಚೆಸ್ಸಿನಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡುವುದಿಲ್ಲ, ಆಡಲೇಬೇಕು. ಏನು ಆಡಿದರೂ ಕೆಡುವಂಥ ಸ್ಥಿತಿ ಅಪರೂಪಕ್ಕೊಮ್ಮೆ ಬರುತ್ತದೆ. ಅಲ್ಲಿ ಈ ಕತ್ತರಿ ಶುದ್ಧ ಕುರುಡು.

ಮೊದಮೊದಲು ಅಣ್ಣ ತಂಗಿಗೆ ಒಂದು ಚೇಷ್ಟೆಯಿತ್ತು. ಯಾವುದೋ ಒಂದು ಸ್ಥಿತಿಯ ಹಿಂದೆ ಒಬ್ಬರಿಗೊಬ್ಬರು ಒಂದು ಸಾಲು ಮಾತು ಬಚ್ಚಿಡುವುದು. ಯಂತ್ರ ಹುಡುಕುತ್ತ ಅಲ್ಲಿಯವರೆಗೆ ಹೋದರೆ ಮಾತ್ರ ಅದು ಸ್ಕ್ರೀನಿನ ಮೇಲೆ ಬರುತ್ತಿತ್ತು. 'ಊಟ ಮಾಡಿದ್ಯಾ?', 'ಗೂಬೆ, ಇಲ್ಲಿ ತಪ್ಪಿದೆ.' ಕೆಲಸ ಹೆಚ್ಚಿದಂತೆ ತಂಗಿ ಅದನ್ನು ಮರೆತಳು.

ಅಣ್ಣ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅತ್ತಿಗೆ ಫೋನ್ ಮಾಡಿದಳು. "ಆ ಕೋಣೆ ಖಾಲಿ ಮಾಡ್ಬೇಕಮ್ಮ. ಚೆಸ್ ಬೋರ್ಡ್ ಮುಟ್ಟೋಕೆ ನಂಗೆ ಭಯ. ನೀನೇ ಬಾ."

"ಭಯ ಯಾಕತ್ತಿಗೆ?"

"ಟಕ್ ಟಕ್ ಅನ್ನುತ್ತೆ."

ಕಾಯಿ ನಡೆಸುವ ಮುಂಚೆ ಅದನ್ನು ಮೇಜಿಗೆ ಎರಡು ಸಲ ಕುಟ್ಟುವುದು ಅಣ್ಣನ ಚಾಳಿ. ಆಫೀಸಿನಲ್ಲಿ, ಲಿಫ್ಟಿನಲ್ಲಿ, ತಟ್ಟೆ ತೊಳೆಯುವಾಗ, ತಂಗಿಗೂ ಆ ಸದ್ದು ಕೇಳಿಸುತ್ತಲೇ ಇತ್ತು. ತನಗೊಬ್ಬಳಿಗೇ ಅಂದುಕೊಂಡಿದ್ದಳು.

ಮಾರನೆಯ ಬೆಳಗ್ಗೆ ಹೋದಳು. ಅತ್ತಿಗೆ ಬೋರ್ಡಿನ ಸುತ್ತ ಧೂಳು ಒರೆಸಿದ್ದಳೇ ಹೊರತು ಕಾಯಿ ಮುಟ್ಟಿರಲಿಲ್ಲ. ಎರಡೂ ಕಡೆ ಒಂದೊಂದು ಒಂಟೆ, ನಾಲ್ಕು ನಾಲ್ಕು ಕಾಲಾಳು. ಬಿಳಿ ರಾಜ ಒಂದು ಮನೆ ಹಿಂದಕ್ಕೆ ಸರಿದಿದ್ದ. ಎಲ್ಲ ರಾದ್ಧಾಂತಕ್ಕೂ ಆ ಒಂದು ನಡೆಯೇ ಮೂಲ.

ಕಳೆದ ವರ್ಷ ಅಣ್ಣ ಎರಡು ಸಲ ಒಲೆ ಹಚ್ಚಿಟ್ಟು ಮರೆತಿದ್ದ. ಬೋರ್ಡಿನ ಜೊತೆ ಮಾತಾಡುತ್ತಿದ್ದ. ಬುದ್ಧಿ ಮಂಕಾಗುತ್ತಿರಬಹುದು, ಬೀಗ ಹಾಕುವ ವಾರ್ಡೇ ಮೇಲು ಅಂದರು ಡಾಕ್ಟರು. ಅತ್ತಿಗೆ ಹೆದರಿ ಅರ್ಧವಾಗಿದ್ದಳು. ಆಗ ಅಣ್ಣನೇ ಅತ್ತಿಗೆಯ ಎದುರಿಗೇ ಪಂಥ ಕಟ್ಟಿದ.

"ಈ ನಡೆ ಗೆಲ್ಲುತ್ತೆ ಅಂತೀನಿ ನಾನು. ಯಂತ್ರ ಇಲ್ಲ ಅನ್ನುತ್ತೆ. ನಾನೇ ಪರೀಕ್ಷೆ ಮಾಡಿದ್ರೆ ನಂಬೋರ್ಯಾರು? ನಿನ್ನ ಕತ್ತರಿ ತೆಗೆದಿಟ್ಟು ಒಂದೇ ಒಂದು ಸಲ ನೋಡು ತಂಗಿ. ನಾಲ್ಕೈದು ಗಂಟೆ ಹಿಡಿಯುತ್ತೆ, ಅಷ್ಟೇ. ನಾನು ತಪ್ಪಾಗಿದ್ರೆ ಬಾಯ್ಮುಚ್ಕೊಂಡು ವಾರ್ಡಿಗೆ ಹೋಗ್ತೀನಿ."

ಅವಳು ನೋಡಲಿಲ್ಲ. ಯಂತ್ರಗಳ ಪಂದ್ಯಾವಳಿ ತಲೆಯ ಮೇಲಿತ್ತು. ಕತ್ತರಿಯನ್ನು ಇದ್ದ ಹಾಗೇ ಬಿಟ್ಟು ಅರ್ಧ ನಿಮಿಷ ಓಡಿಸಿ, ಮಾರನೆಯ ದಿನ ಹೇಳಿದಳು: "ನೋಡ್ದೆ ಅಣ್ಣ. ಗೆಲ್ಲಲ್ಲ."

"ಪೂರ್ತಿ ನೋಡ್ದ್ಯಾ?"

"ಪೂರ್ತಿ."

"ಏನಾದ್ರೂ ಬಂತಾ?"

"ಏನು ಬರುತ್ತೆ? ಏನೂ ಬರ್ಲಿಲ್ಲ."

ಅಣ್ಣ ಅವಳ ಮುಖವನ್ನೇ ತುಸು ಹೊತ್ತು ನೋಡಿ ನಕ್ಕ. "ಹಾಗಾದ್ರೆ ಸರಿ" ಎಂದು ತಾನೇ ಬಟ್ಟೆ ಮಡಚಿಕೊಂಡ. ವಾರ್ಡಿನಲ್ಲಿ ಇಪ್ಪತ್ತಾರು ದಿನ ಇದ್ದ. ಇಪ್ಪತ್ತೇಳನೆಯ ಬೆಳಗ್ಗೆ ಎದೆಬಡಿತ ನಿಂತಿತ್ತು.

ಈಗ ಅವಳು ಅವನದೇ ಕುರ್ಚಿಯಲ್ಲಿ ಕೂತು, ಅವನದೇ ಕಂಪ್ಯೂಟರಿನಲ್ಲಿ ಕತ್ತರಿ ತೆಗೆದು, ಯಂತ್ರವನ್ನು ಓಡಬಿಟ್ಟಳು. ಎಂಥ ಪಾಪಿ ಅವಳು! ಅಣ್ಣ ಸೋಲಲಿ ಎಂದು ಬೇಡಿಕೊಳ್ಳುತ್ತಿದ್ದಳು. ನಡೆ ತಪ್ಪಾಗಿದ್ದರೆ ಅವನಿಗೆ ತಲೆ ಕೆಟ್ಟದ್ದು ನಿಜ, ವಾರ್ಡು ನಿಜ, ತನ್ನ ಸುಳ್ಳಿನಿಂದ ಯಾರಿಗೂ ಏನೂ ಆಗಿಲ್ಲ. ಮಧ್ಯಾಹ್ನವಾಯಿತು. ಫ್ಯಾನು ತಿರುಗುತ್ತಿತ್ತು. ಅತ್ತಿಗೆ ಇಟ್ಟುಹೋದ ಚಹಾ ಕೆನೆಗಟ್ಟಿತು. ಸ್ಕ್ರೀನಿನ ಮೇಲೆ ಅಂಕ ಸೊನ್ನೆಯಲ್ಲೇ ನಿಂತಿತ್ತು, ಅಂದರೆ ಯಾರಿಗೂ ಗೆಲುವಿಲ್ಲ; ಮೂರು ಗಂಟೆಯಾದರೂ ಸೊನ್ನೆ. ಅವಳಿಗೆ ಉಸಿರು ಬಂತು.

ಮೂರೂವರೆಗೆ ಅಂಕ ಒಮ್ಮೆಲೇ ಮೇಲೆ ಹಾರಿತು. ರಾಜ ಹಿಂದೆ ಸರಿದರೆ ಕಪ್ಪಿನವನು ಏನು ಆಡಿದರೂ ಕೆಡುತ್ತಾನೆ, ಬಿಳಿಗೆ ಗೆಲುವು. ಅದರ ಕೆಳಗೇ ಒಂದು ಸಾಲು ಮೂಡಿತು.

'ಸಿಕ್ಕಿಬಿದ್ದೆ ನೋಡು! ಕತ್ತರಿ ತೆಗೆದಿಟ್ಟು ಇಲ್ಲಿವರೆಗೂ ಬಂದ್ಯಲ್ಲ ತಂಗಿ, ನಂಗದೇ ಸಾಕು. ಈಗ ನಿನ್ನ ಅತ್ತಿಗೇನ ಕರೆದು ತೋರಿಸು. ಅವಳ ಹೆದರಿಕೆ ಹೋಗ್ಲಿ. ನಾನೆಲ್ಲೂ ಹೋಗೋದು ಬೇಡ.'

ಏನೂ ಬರಲಿಲ್ಲ ಎಂದು ಅವಳು ಹೇಳಿದ ಆ ಕ್ಷಣದಲ್ಲೇ ಅಣ್ಣನಿಗೆ ಗೊತ್ತಾಗಿತ್ತು, ತಂಗಿ ನೋಡಿಲ್ಲವೆಂದು. ಗೊತ್ತಾಗಿಯೂ ಅವಳನ್ನು ಬಿಟ್ಟುಕೊಡದೆ ಬಟ್ಟೆ ಮಡಚಿಕೊಂಡಿದ್ದ.

ಅಡುಗೆಮನೆಯಿಂದ ಅತ್ತಿಗೆ ಕೂಗಿದಳು. "ಏನಾದ್ರೂ ಬಂತಾ?"

ಏನೂ ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಆ ಟಕ್ ಟಕ್ ಈಗ ಕೇಳಿಸೀತೇನೋ ಎಂದು ಕಾದಳು. ಕೋಣೆ ಸುಮ್ಮನಿತ್ತು.

"ಬಂತು. ಬನ್ನಿ ಅತ್ತಿಗೆ."

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಕನ್ನಡಕ ಅಲ್ಲೇ ಬಿಟ್ಟೆ. ನೀನೇ ಓದು."

ಅವಳು ಒಂದಕ್ಷರ ಬಿಡದೆ ಓದಿದಳು. ಅತ್ತಿಗೆ ಮಂಚದ ತುದಿಯಲ್ಲಿ ಕೂತು ಆ ಬಿಳಿ ರಾಜನನ್ನೇ ನೋಡಿದಳು.

"ಹಾಗಾದ್ರೆ ಅವತ್ತು ಇದು ಯಾಕೆ ಬರ್ಲಿಲ್ಲಮ್ಮ?"

"ನಾನು ನೋಡ್ಲೇ ಇಲ್ಲ, ಅತ್ತಿಗೆ."