ಸಜ್ಜಿ ರೊಟ್ಟಿ, ಸಮುದ್ರದ ಗಾಳಿ

ಗುರ್ ಎಂದದ್ದು ಸಮುದ್ರವೋ, ಹಿತ್ತಲ ಹಂದಿಯೋ, ನನ್ನ ಹೊಟ್ಟೆಯೋ — ಈ ಊರಲ್ಲಿ ಮೂರೂ ಒಂದೇ ದನಿಯಲ್ಲಿ ಗುರುಗುಡುತ್ತವೆ, ಯಾವುದಕ್ಕೆ ಎದ್ದು ಓಡಬೇಕು, ಯಾವುದಕ್ಕೆ ಸುಮ್ಮನೆ ಬಿದ್ದುಕೊಳ್ಳಬೇಕು ತಿಳಿಯುವುದಿಲ್ಲ, ತಡಿ, ಹೊಟ್ಟೆ, ಹೌದು ಹೊಟ್ಟೆಯೇ, ಚರಿಗೆ ಎಲ್ಲಿ, ಇಲ್ಲೇ ಬಾಗಿಲ ಮರೆಗೆ ಇಟ್ಟಿದ್ದೆನಲ್ಲ, ಬೆಳಗಿನಿಂದ ಇದು ಐದನೆಯ ಸಲವೋ ಆರನೆಯದೋ, ಹಿತ್ತಲ ಕಕ್ಕಸಿನ ಆ ಕಲ್ಲಿನ ಮೆಟ್ಟಿಲು ಹತ್ತಿ ಮೇಲೆ ಕುಳಿತರೆ ಕೆಳಗಿನ ಕಿಂಡಿಗೆ ಮೂತಿ ಹಚ್ಚಿಕೊಂಡು ಹಂದಿ ಕಾಯುತ್ತಿರುತ್ತದೆ, ಅಯ್ಯ ಶಿವನೆ, ಕೊರಳಲ್ಲಿ ಲಿಂಗ ಕಟ್ಟಿದ ಹೆಣ್ಣುಮಗಳು ನಾನು, ರಬಕವಿಯಲ್ಲಾದರೆ ಹೆಂಗಸರೆಲ್ಲ ಕೂಡಿ ಬಯಲಿಗೆ ಹೋಗಿ ಅರ್ಧ ಊರಿನ ಸುದ್ದಿ ಮುಗಿಸಿಕೊಂಡು ಬರುತ್ತಿದ್ದೆವು, ಇಲ್ಲಿ ಸುದ್ದಿ ಹೇಳೋಣವೆಂದರೆ ಹಂದಿಯೊಂದೇ, ಮೊದಲ ದಿನ ಚೀರಿ ಕೆಳಗಿಳಿದಿದ್ದೆ, ಮನೆಯೊಡತಿ ಮುದುಕಿ, ಕಿರಿಸ್ತಾನರಾಕೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು, ಈಗ ಐದು ದಿನದಲ್ಲಿ ಹೋಗಲೇ ಅತ್ತ ಎಂದು ನಾನೇ ಅದನ್ನು ಗದರಿಸುತ್ತೇನೆ. ಇದನ್ನು ಊರಿಗೆ ಹೋಗಿ ಯಾರಿಗೂ ಹೇಳುವುದಿಲ್ಲ.

ಆದರೆ ಹೊಟ್ಟೆ ಕೆಟ್ಟದ್ದಕ್ಕೆ ಇಷ್ಟು ಖುಷಿ ಪಡುವ ಹುಚ್ಚಿ ಇನ್ನೊಬ್ಬಳು ಇದ್ದಾಳೆಯೇ, ಮತ್ತೆ ಬಂದು ಚಾಪೆಯ ಮೇಲೆ ಬಿದ್ದುಕೊಂಡೆ, ಬಾಯಲ್ಲಿ ನೀರೂರುತ್ತಿದೆ, ಹೊಟ್ಟೆ ತೊಳಸುತ್ತಿದೆ, ತೊಳಸಲಿ, ಇನ್ನೂ ತೊಳಸಲಿ — ಹದಿನೆಂಟು ವರ್ಷ ಕಾದಿದ್ದೇನೆ ಹೀಗೆ ತೊಳಸಲಿ ಎಂದು, ಹದಿನೈದಕ್ಕೆ ಲಗ್ನ, ಈಗ ಮೂವತ್ತಮೂರು, ನನ್ನ ಹಿಂದೆ ಬಂದ ಸೊಸೆಯಂದಿರ ಮಕ್ಕಳು ಸಾಲಿಗೆ ಹೋಗುತ್ತಿವೆ, ನಾನು ಮಾತ್ರ ಪ್ರತಿ ತಿಂಗಳೂ ಮುಟ್ಟಾಗಿ ತಲೆಗೆ ಎರೆದುಕೊಂಡಿದ್ದೇನೆ, ಈ ತಿಂಗಳು ಎಂಟು ದಿನ ತಡ, ತಡವಾಗುವುದೇನು ಹೊಸದಲ್ಲ, ಆದರೆ ತಡದ ಜೊತೆಗೆ ವಾಂತಿ ಎಂದೂ ಬಂದಿರಲಿಲ್ಲ, ಮೊನ್ನೆ ಬಾವಿಕಟ್ಟೆಯ ಹತ್ತಿರ ಕಾರಿಕೊಂಡಾಗ ಆ ಮುದುಕಿಯೇ ಬಂದು ಬೆನ್ನು ಸವರಿ, ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಬೆರಳು ಮಡಚಿ ಮಡಚಿ ಎಷ್ಟನೆಯ ತಿಂಗಳು ಎಂದು ಕೇಳಿದಳು, ಅವಳ ಮಾತು ನನಗೆ ಬಾರದು, ಆದರೆ ಬೆರಳ ಮಾತು ಯಾರಿಗೆ ಬರುವುದಿಲ್ಲ, ನಾನು ಎಚ್ಚರ ತಪ್ಪಿ ಬೀಳುವುದೊಂದು ಬಾಕಿ, ಎಷ್ಟೋ ಮಕ್ಕಳ ಬಾಣಂತನ ಕಂಡ ಮುದುಕಿ ಸುಮ್ಮನೆ ಕೇಳುತ್ತಾಳೆಯೇ. ಹೀಗೆ ಭೇದಿಯಾಗುವುದು ಬಸುರಿಯ ಲಕ್ಷಣವೋ ಅಲ್ಲವೋ ಗೊತ್ತಿಲ್ಲ, ಯಾರನ್ನು ಕೇಳಲಿ, ಅವ್ವ ಇದ್ದಿದ್ದರೆ ಕೇಳುತ್ತಿದ್ದೆ.

ಅತ್ತೆಯನ್ನು ಕೇಳುವಂತಿಲ್ಲ, ಅತ್ತೆ ಶಿವಗಂಗವ್ವ ಅಲ್ಲಿ ರಬಕವಿಯ ಪಡಸಾಲೆಯಲ್ಲಿ ಕೂತು ದಿನ ಎಣಿಸುತ್ತಿರಬೇಕು, ಹೋಗಿ ಬರ್ರಿ, ಎಂಟ ದಿನ ಸಮುದ್ರ ನೋಡ್ರಿ, ಯಾರ ಬ್ಯಾಡ ಅಂತಾರ, ಬಂದಮ್ಯಾಲೆ ಮಾತ್ರ ತಾರವ್ವನ ಮಗಳ ಮಾತು ಮುಗಸೂಣು — ತಾರವ್ವ ಎಂದರೆ ಇವರ ಅಕ್ಕ, ಮುಧೋಳಕ್ಕೆ ಕೊಟ್ಟವಳು, ಅವಳ ಮಗಳಿಗೆ ಹದಿನಾರು, ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕು ಇದ್ದೇ ಇದೆ ಎನ್ನುತ್ತಾರೆ ಎಲ್ಲರೂ, ಮುಂಬೈ ಸರಕಾರ ಎರಡನೆಯ ಲಗ್ನಕ್ಕೆ ಜೈಲು ಎಂದು ಕಾಯಿದೆ ಮಾಡಿದೆಯಂತಲ್ಲ ಎಂದರೆ ಅದಕ್ಕೂ ಅತ್ತೆಯ ಹತ್ತಿರ ಉತ್ತರವಿದೆ, ಮೊಗಲಾಯಿ ಕಡೆ, ನಿಜಾಮನ ಸೀಮಿಗೆ, ಹೋಗಿ ಅಕ್ಕಿಕಾಳ ಹಾಕಿಸಿಕೊಂಡ ಬಂದರಾತು, ಯಾರ ಬಂದ ಕೇಳ್ತಾರ. ಅವಳು ಒಳ್ಳೆಯ ಹುಡುಗಿಯೇ, ನನ್ನ ತಲೆ ಬಾಚಿ ಹೆಣೆದಿದ್ದಾಳೆ, ಅತ್ತಿ ಅತ್ತಿ ಎಂದು ಹಿಂದೆ ಮುಂದೆ ಓಡಾಡುತ್ತಾಳೆ, ಅವಳನ್ನೇ ನನ್ನ ಕೋಣೆಗೆ ಕಳಿಸಿ ನಾನು ಹೊರಗೆ ಹಾಸಿಕೊಳ್ಳಬೇಕೇ, ಆ ಮಾತು ಬಂದಾಗ ಇವರು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಮಾರಲು ತಂದ ಸೀರೆಗಳ ಗಂಟು ಬಿಚ್ಚುತ್ತ ಕೂತರು, ಅಷ್ಟರಲ್ಲೇ ಒಂದು ದಿನ ಇವರೇ, ಗೋವಾಕ್ಕ ಹೋಗಿ ಬರೂಣು ನಡಿ, ಮಡಗಾವಿಯೊಳಗ ನಮ್ಮೂರ ಕಾಮಣ್ಣ ಸೀರಿ ಅಂಗಡಿ ಇಟ್ಟಾನಲ್ಲ, ಸಮುದ್ರದ ದಂಡಿಮ್ಯಾಗ ಮನಿ ನೋಡಿಕೊಡತೀನಿ ಅಂದಾನ. ಹೊಸ ಹೆಂಡತಿ ಬರುವ ಮುಂಚೆ ಹಳೆಯವಳಿಗೊಂದು ತಿರುಗಾಟವೋ ಏನೋ ಎಂದುಕೊಂಡೆ, ಆದರೂ ಬಂದೆ.

ಕುಡಚಿಯಲ್ಲಿ ರೈಲು ಹತ್ತಿ, ಲೋಂಡಾದಲ್ಲಿ ಇಳಿದು ಇನ್ನೊಂದು ಹತ್ತಿ, ಘಟ್ಟ ಇಳಿದರೆ ಫಿರಂಗಿಗಳ ಸೀಮೆ, ಪರದೇಶವೆಂದರೆ ಹಡಗಿನಲ್ಲಿ ಹೋಗಬೇಕೆಂದು ತಿಳಿದಿದ್ದೆ, ಇದು ರೈಲಿನಲ್ಲೇ ಬಂದುಬಿಟ್ಟಿತು, ಅಲ್ಲಿನ ಪೊಲೀಸನೊಬ್ಬ ನನ್ನ ಗಂಟು ಬಿಚ್ಚಿ ರೊಟ್ಟಿ ನೋಡಿ ಹೌಹಾರಿದ, ಒಂದನ್ನು ಎತ್ತಿ ಬೆರಳಿನಿಂದ ಬಡಿದ, ಟಣಟಣ ಎಂದಿತು, ಬೆಳಕಿಗೆ ಹಿಡಿದ, ಮುರಿದ, ಮೂಸಿದ, ಇದು ತಿನ್ನುವ ವಸ್ತುವೆಂದು ಇವರು ಮರಾಠಿಯಲ್ಲಿ ಎಷ್ಟು ಹೇಳಿದರೂ ನಂಬಲಿಲ್ಲ, ಕೊನೆಗೆ ನಾನೇ ಒಂದು ಚೂರು ಕಟಕಟ ಕಡಿದು ತೋರಿಸಿದೆ, ರೈಲಿನ ಡಬ್ಬಿಯಲ್ಲಿದ್ದವರೆಲ್ಲ ನಕ್ಕರು, ಇವರೂ ನಕ್ಕರು, ಎಷ್ಟು ವರ್ಷವಾಗಿತ್ತು ಇವರ ಹಲ್ಲು ನೋಡಿ. ನಲವತ್ತು ರೊಟ್ಟಿ, ಅತ್ತೆಯೇ ಕೂತು ಬಡಿದು ಬೇಯಿಸಿ ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದ ಸಜ್ಜಿ ರೊಟ್ಟಿ, ಪರಮುಲುಕ, ಮೀನ ತಿನ್ನೂ ಮಂದಿ, ಅವರ ಮನ್ಯಾಗಿನ ನೀರ ಸೈತ ಸೋಸಿ ಕುಡೀರಿ, ತುತ್ತ ಮಾತ್ರ ಮುಟ್ಟಬ್ಯಾಡ್ರಿ, ಅತ್ತೆ ಹೇಳಿದ ಹಾಗೇ ಮಾಡಿದ್ದೇವೆ, ಬಂದಾಗಿನಿಂದ ಇಬ್ಬರೂ ರೊಟ್ಟಿ, ಶೇಂಗಾ ಹಿಂಡಿ, ಬಳ್ಳೊಳ್ಳಿ ಖಾರ, ಅಷ್ಟೇ.

ಮುದುಕಿ ಕೇಳಿದ ಆ ಸಂಜೆ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ, ಹೇಗೆ ಹೇಳಿದೆನೋ, ನೆಲ ನೋಡುತ್ತ, ಸೆರಗು ತಿರುವುತ್ತ, ಮದುಮಗಳ ಹಾಗೆ, ಇವರು ಮುರಿದ ರೊಟ್ಟಿ ಹಾಗೇ ಹಿಡಿದು ನನ್ನನ್ನು ನೋಡಿದರು, ರೊಟ್ಟಿ ನೋಡಿದರು, ಮತ್ತೆ ನನ್ನನ್ನು ನೋಡಿದರು, ಹೌದಾ, ಎಂದರು, ಅಷ್ಟೇ, ಎದ್ದು ಸಮುದ್ರ ನೋಡಿ ಬರ್ತೀನಿ ಎಂದು ಹೊರಟೇ ಹೋದರು, ಇದೊಂದು ಹುಚ್ಚು ಹಿಡಿದಿದೆ ಇವರಿಗೆ, ಹೊತ್ತಿಲ್ಲ ಗೊತ್ತಿಲ್ಲ, ಊಟದ ನಡುವೆಯೂ ಸಮುದ್ರ, ಸ್ನಾನದ ಮೊದಲೂ ಸಮುದ್ರ, ನಾನೂ ಬರ್ತೀನ್ರಿ ಎಂದರೆ ಬ್ಯಾಡ ಬ್ಯಾಡ, ನೀ ಮಲಕೋ, ಹೆಂಡತಿಯನ್ನು ಸಮುದ್ರ ತೋರಿಸಲು ಕರೆತಂದವರು ಒಬ್ಬರೇ ನೋಡುತ್ತ ನಿಲ್ಲುತ್ತಾರಲ್ಲ, ಏನಿದೆ ಅದರಲ್ಲಿ, ಬರೀ ನೀರು — ಖುಷಿಯಾದವನು ಹೀಗೆ ದೂರ ದೂರ ಓಡುತ್ತಾನೆಯೇ, ಅಥವಾ ತಾರವ್ವನ ಮಗಳು ತಪ್ಪಿದಳೆಂಬ ಬೇಸರವೇ, ಛೇ, ನನ್ನ ನಾಲಗೆಗೆ ಬೆಂಕಿ ಹಾಕ, ನಿನ್ನೆಯಷ್ಟೇ ಧೋತರದ ಚುಂಗಿನಲ್ಲಿ ಹುಣಸೆಕಾಯಿ ಕಟ್ಟಿಕೊಂಡು ಬಂದು ನನ್ನ ಮುಂದೆ ಸುರಿದರಲ್ಲ, ಹುಳಿ ತಿನಬೇಕ ಅನಸ್ತೈತಂತ, ತಿನ್ನು, ಆಮೇಲೆ ಗೋಡೆಗೆ ಮುಖ ಮಾಡಿ, ಅವ್ವಗ ಕಾಗದ ಬರದ ಹಾಕೀನಿ. ಏನ ಬರದ್ರಿ ಎಂದು ಕೇಳಲು ನಾಚಿಕೆಯಾಯಿತು, ಮತ್ತೇನು ಬರೆಯುತ್ತಾರೆ, ಇದನ್ನೇ, ನಾಲ್ಕು ದಿನದಲ್ಲಿ ರಬಕವಿಗೆ ಮುಟ್ಟುತ್ತದೆ, ಅತ್ತೆ ಯಾರಿಂದಲಾದರೂ ಓದಿಸುತ್ತಾಳೆ, ಅವಳ ಮುಖ ನೋಡಲು ನಾನಲ್ಲಿ ಇರಬೇಕಿತ್ತು.

ಏನಾದರೂ ತಿನ್ನಬೇಕು, ಈಗ ಎರಡು ಜೀವ, ಏಳು, ಗಂಟು ಬಿಚ್ಚು, ಈ ಮನೆಯ ಕಿಟಕಿಗಳಿಗೆ ಗಾಜಿನ ಬದಲು ಚಿಪ್ಪು ಕೂಡಿಸಿದ್ದಾರೆ, ಹಗಲು ಹೊತ್ತೂ ಒಳಗೆ ಮಂಕು, ಕದ ತೆರೆಯೋಣ, ಹಾ, ಬಿಸಿಲು — ರೊಟ್ಟಿ ಮೂರನೆಯ ದಿನಕ್ಕೇ ಮೆತ್ತಗಾಗಿದ್ದವು, ಟಣಟಣ ಎನ್ನುತ್ತಿದ್ದಂಥವು ಚರ್ಮದ ಹಾಗೆ ಬಾಗತೊಡಗಿದ್ದವು, ಚಲೋ ಆತು, ಕಡಿಯುವ ಕಷ್ಟ ತಪ್ಪಿತು ಎಂದು ನಾನೇ ಹಿಗ್ಗಿದ್ದೆ, ಆದರೆ ಇದೇನಿದು, ಬಿಸಿಲಿಗೆ ಹಿಡಿದರೆ ಇದೇನು ಹಸಿರು, ಸಜ್ಜಿಯ ಬಣ್ಣವೇ ಹಾಗೆ, ಅಲ್ಲ, ಸಜ್ಜಿಯ ಬಣ್ಣಕ್ಕೆ ಕೂದಲಿರುವುದಿಲ್ಲ, ಇದಕ್ಕೆ ನವಿರು ನವಿರಾಗಿ ಎದ್ದು ನಿಂತಿದೆ, ಇದರ ಕೆಳಗಿನದಕ್ಕೂ, ಅದರ ಕೆಳಗಿನದಕ್ಕೂ, ಬೂಸಲು, ಯವ್ವಾ, ಬೂಸಲು, ಕಟಕ ರೊಟ್ಟಿಗೆ ಬೂಸಲೇ, ನಮ್ಮ ಮನೆಯಲ್ಲಿ ಬುಟ್ಟಿಯೊಳಗೆ ತಿಂಗಳು ಇಟ್ಟರೂ ಏನೂ ಆಗದ ರೊಟ್ಟಿಗೆ, ಇದು ಕೆಡುವ ವಸ್ತುವೆಂದು ನಮ್ಮ ಏಳು ತಲೆಯಲ್ಲಿ ಯಾರಿಗೂ ಗೊತ್ತಿಲ್ಲ, ಈ ದರಿದ್ರ ಸಮುದ್ರದ ಗಾಳಿ, ಉಪ್ಪೂ ನೀರಾಗಿದೆ, ನೋಡಿದ್ದೆನಲ್ಲ ಉಪ್ಪು ನೀರಾದದ್ದನ್ನು, ತಿಳಿಯಬಾರದಿತ್ತೇ. ಹಾಗಾದರೆ ನನ್ನ ಹೊಟ್ಟೆ — ಇಲ್ಲ, ತಡಿ, ನಿಲ್ಲು, ಇವರೂ ಇದನ್ನೇ ತಿಂದಿದ್ದಾರೆ, ನನ್ನ ಜೊತೆಗೇ ಕೂತು, ನನಗಿಂತ ಒಂದು ಹೆಚ್ಚೇ ತಿಂದಿದ್ದಾರೆ, ಇವರಿಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗೆ ಸಮುದ್ರ ನೋಡಿಕೊಂಡು ತಿರುಗುತ್ತಿದ್ದಾರೆ, ರೊಟ್ಟಿಯದೇ ತಪ್ಪಾದರೆ ಇಬ್ಬರಿಗೂ ಆಗಬೇಕಿತ್ತು, ಆಗಿಲ್ಲ, ಆದ್ದರಿಂದ ರೊಟ್ಟಿಯಲ್ಲ, ಮಗು, ಮಗುವೇ, ಸುಮ್ಮನೆ ಹೆದರಿದೆ. ನೀರು ಕುಡಿದು ಕಿಟಕಿಗೆ ಒರಗಿ ನಿಂತೆ.

ಅಲ್ಲಿ ನಾಲ್ಕು ತೆಂಗಿನ ಮರಗಳಾಚೆ, ಪಕ್ಕದ ಮನೆಯ ಬಾವಿಕಟ್ಟೆಯ ಮೇಲೆ ಯಾರೋ ಗಂಡಸು, ಟೊಂಕಕ್ಕೆ ಪಂಜೆ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದಾನೆ, ಒಗೆಯಲು ಬಾರದು ಪಾಪ, ಒಂದೇ ಕಡೆ ತಿಕ್ಕುತ್ತಿದ್ದಾನೆ, ಇಲ್ಲಿನ ಗಂಡಸರು ಇಂಥದ್ದನ್ನೂ ಮಾಡುತ್ತಾರೇನೋ, ಆ ಬೆನ್ನು — ಬೆನ್ನಿನ ಮೇಲೆ ಆ ಮಚ್ಚೆ — ಇವರು, ಕಾಮಣ್ಣನ ಅಂಗಡಿಗೆ ಹೋಗಿ ಬರುತ್ತೇನೆಂದು ಹೋದವರು, ಹದಿನೆಂಟು ವರ್ಷದಲ್ಲಿ ಕುಡಿದ ನೀರಿನ ತಂಬಿಗೆಯನ್ನು ಎತ್ತಿ ಪಕ್ಕಕ್ಕಿಡದ ಮನುಷ್ಯ ಧೋತರ ಒಗೆಯುತ್ತಿದ್ದಾರೆ, ಯಾಕೆ, ನಾನು ಸತ್ತಿದ್ದೇನೆಯೇ ಇಲ್ಲಿ, ಒಂದು ಮಾತು ಹೇಳಿದ್ದರೆ — ಎದ್ದರು, ಒಂದು ಕೈಯಿಂದ ಹೊಟ್ಟೆ ಅವುಚಿಕೊಂಡರು, ಚರಿಗೆ ಎತ್ತಿಕೊಂಡು ಗೋಡೆಯ ಆಚೆ ಓಡಿದರು, ಓಡಿದರು, ಮನೆಗೆ ಬೆಂಕಿ ಬಿದ್ದರೂ ನಡೆದೇ ಹೋಗುವ ಮನುಷ್ಯ ಓಡಿದರು, ತುಸು ಹೊತ್ತಿಗೆ ಗೋಡೆ ಹಿಡಿದುಕೊಂಡು ಬಂದು ಮತ್ತೆ ಧೋತರದ ಮುಂದೆ ಕೂತರು. ಓಹೋ, ಸಮುದ್ರ, ಇದಾ ಸಮುದ್ರ, ಬೆಳಗಿನ ಸಮುದ್ರ, ಊಟದ ನಡುವಿನ ಸಮುದ್ರ, ನನ್ನನ್ನು ಬ್ಯಾಡ ಬ್ಯಾಡ ಎಂದು ಬಿಟ್ಟುಹೋದ ಸಮುದ್ರ.

ಕಾಲು ತಾವಾಗಿ ನಡೆಯುತ್ತಿವೆ, ಮರಳು ಸುಡುತ್ತಿದೆ, ನಡು ಸೆಳೆಯುತ್ತಿದೆ, ಈ ಸೆಳೆತ ನನಗೆ ಗೊತ್ತು, ಪ್ರತಿ ತಿಂಗಳ ಸೆಳೆತ, ಇದನ್ನೂ ಬೆಳಗಿನಿಂದ ಬೇರೆ ಏನೋ ಎಂದುಕೊಂಡಿದ್ದೆನಲ್ಲ, ಏನಿಲ್ಲ ಹೊಟ್ಟೆಯಲ್ಲಿ, ಬೂಸಲು ರೊಟ್ಟಿ ಬಿಟ್ಟರೆ ಏನೂ ಇಲ್ಲ, ಅಳು ಬರುತ್ತಿದೆ, ಬರಲಿ — ಏನ್ರಿ ಇದು. ಇವರು ಗಾಬರಿಯಾಗಿ ಎದ್ದು ನಿಂತರು, ಏನಿಲ್ಲ, ಉಪ್ಪಿನ ಗಾಳಿ, ಧೋತರ ಹೊಲಸಾಗಿತ್ತು. ಎಷ್ಟ ದಿನಾತ್ರಿ. ಏನ ಎಷ್ಟ ದಿನ. ಹೊಟ್ಟಿ. ಮುಖ ನೋಡಿದರೆ ಕಣ್ಣು ಒಳಗೆ ಹೋಗಿವೆ, ಗದ್ದದ ಮೇಲೆ ಬಿಳಿ ಕುರುಚಲು, ಮೂರು ದಿನ ನಾನು ಈ ಮುಖ ನೋಡಿಯೇ ಇಲ್ಲ, ನನ್ನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದೇನೆ, ಮೂರ ದಿನಾತು, ಎಂದರು. ರೊಟ್ಟಿದು ಅಂತ ಗೊತ್ತಿತ್ತಾ ನಿಮಗ. ಗೊತ್ತಿತ್ತು. ಮತ್ತ ಯಾಕ ಹೇಳಲಿಲ್ಲ, ಯಾಕ ತಿಂದ್ರಿ ಮತ್ತ ಅದನ್ನ. ತಿನ್ನಲಿಲ್ಲಂದರ ಯಾಕ ಅಂತ ಕೇಳ್ತಿದ್ದಿ, ಎಂದರು ನೀರಿನ ಕೊಡದ ಕಡೆ ತಿರುಗಿ, ಹೇಳಬೇಕಂತ ಎರಡ ಸಲ ಒಳಗ ಬಂದ್ನಿ, ನೀ ಕಸಾ ಹೊಡಕೋತ ಹಾಡಾಕತ್ತಿದ್ದಿ. ನಾನು ಹಾಡುತ್ತಿದ್ದೆನೇ, ಯಾವ ಹಾಡು, ಹದಿನೆಂಟು ವರ್ಷದಲ್ಲಿ ಆ ಮನೆಯಲ್ಲಿ ನಾನು ಹಾಡಿದ್ದು ನೆನಪಿಲ್ಲ, ಇವರಿಗೆ ನೆನಪಿದೆಯೇ.

ಹಾಗಾದರೆ ಕಾಗದ, ಇವರಿಗೆ ಗೊತ್ತಿತ್ತು, ಗೊತ್ತಿದ್ದೂ ಕಾಗದ ಹಾಕಿದರು, ಅದರಲ್ಲಿ ಏನು — ಅವ್ವಗ ಏನ ಬರದ್ರಿ. ಧೋತರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು, ಹಿಡಿ, ಒಬ್ಬಾಂವಗ ಹಿಂಡಾಕ ಆಗವಲ್ದು. ಏನ ಬರದ್ರಿ ಹೇಳ್ರಿ. ತಾರವ್ವನ ಮಗಳಿಗೆ ಬ್ಯಾರೆ ಕಡೆ ವರಾ ನೋಡ್ರಿ ಅಂತ ಬರದೀನಿ. ಮತ್ತ ನನ್ನ ಸುದ್ದಿ. ನಿನ್ನ ಸುದ್ದಿ ಏನೂ ಬರದಿಲ್ಲ. ಅಷ್ಟನಾ. ಅಷ್ಟ. ಅತ್ತೆ ಏನೆನ್ನುತ್ತಾಳೆ, ಮುಧೋಳದವರು ಏನೆನ್ನುತ್ತಾರೆ, ನಾಳೆ ಏನು ತಿನ್ನುವುದು, ಯಾವುದೂ ತಲೆಗೆ ಹತ್ತುತ್ತಿಲ್ಲ, ಇವರು ಬಲಕ್ಕೆ ತಿರುವುತ್ತಿದ್ದಾರೆ, ನಾನು ಎಡಕ್ಕೆ ತಿರುವುತ್ತಿದ್ದೇನೆ, ನಡುವೆ ಹುರಿಗಟ್ಟಿದ ಧೋತರ, ಅದರಿಂದ ನೀರು, ಇನ್ನೊಂದು ಸುತ್ತು, ಇನ್ನೂ ನೀರು, ಹುರಿಗಟ್ಟಿದ ಧೋತರ, ನೀರು